ಗೋಡೆಯ ಮೇಲೆ ತಲೆಕೆಳಗಾದ ದಂಡನಾಯಕ

ಒಂದಾನೊಂದು ಕಾಲ, ಅದು ಯಾವ ಕಾಲವೆಂದು ಬಲ್ಲವರಿಲ್ಲ. ಪಡುಗಡಲಿನಾಚೆ, ನಮ್ಮ ಕರಾವಳಿಯ ಮೆಣಸು ಹಡಗೇರಿ ಹೋಗಿ ಇಳಿಯುತ್ತಿದ್ದ ದೇಶದಲ್ಲಿ, ವಾಲ್ಮೋರ ಎಂಬುದೊಂದು ಪಟ್ಟಣವಿತ್ತಂತೆ. ಮೆಣಸು ಹೊತ್ತು ಹೋದ ಹಡಗೇ ಈ ಕಥೆಯನ್ನು ಹೊತ್ತು ಮರಳಿತು ಎನ್ನುವವರುಂಟು. ನಿಜವೋ ಸುಳ್ಳೋ, ಹಡಗಿಗೇ ಗೊತ್ತು. ಬಂದ ಕಥೆಯನ್ನು ಕೂರಿಸಿ ಕೇಳುವುದು ನಮ್ಮ ಧರ್ಮ, ಕೇಳಿರಿ.

ಆ ನಾಡಿನ ನಡೆ ನಮಗೆ ಸೋಜಿಗ. ನಾಡಿಗೆಲ್ಲ ಅರಸನೆಂಬ ಒಬ್ಬನು ಅಲ್ಲಿರಲಿಲ್ಲ. ಊರಿಗೊಂದು ಕೋಟೆ, ಕೋಟೆಗೊಂದು ಹಿರಿಯರ ಸಭೆ. ಉಣ್ಣೆ ಮಾರುವವನು, ರೇಷ್ಮೆ ಮಾರುವವನು, ಚರ್ಮ ಹದಮಾಡಿಸಿ ಮಾರುವವನು, ಇವರೇ ಸಭೆಯಲ್ಲಿ ಕುಳಿತು ಆಳುವವರು. ಅವರಿಗೆ ನೆರೆಯೂರಿನ ಮೇಲೆ ಹಗೆ ಸಾಧಿಸುವ ಹಂಬಲವುಂಟು, ಕತ್ತಿ ಹಿಡಿಯುವ ಕೈಯಿಲ್ಲ. ಆದುದರಿಂದ ನಾವು ಸುಗ್ಗಿಗೆ ಆಳು ಕರೆಯುವಂತೆ ಅವರು ಯುದ್ಧಕ್ಕೆ ಆಳು ಕರೆಯುತ್ತಿದ್ದರಂತೆ. ತನ್ನದೇ ಪಡೆ ಕಟ್ಟಿಕೊಂಡ ದಂಡನಾಯಕನೊಬ್ಬನನ್ನು ಕರೆಸಿ, ಇಂಥ ಹಬ್ಬದಿಂದ ಇಂಥ ಹಬ್ಬದವರೆಗೆ ನೀನು ನಮ್ಮವನು ಎಂದು ಮಾತು ಕಟ್ಟಿಸಿಕೊಳ್ಳುವರು. ಆ ಹಬ್ಬ ಕಳೆಯಿತೆಂದರೆ ಅವನು ಯಾರವನೂ ಅಲ್ಲ. ಮರುದಿನ ಎದುರೂರಿಗೆ ದುಡಿದರೂ ಕೇಳುವವರಿಲ್ಲ.

ಅಂತಹ ದಂಡನಾಯಕರಲ್ಲಿ ಓರ್ಸೊ ಎಂಬವನೊಬ್ಬ. ಓರ್ಸೊ ಎಂದರೆ ಆ ನುಡಿಯಲ್ಲಿ ಕರಡಿ. ಹುಟ್ಟಿನಿಂದ ಕುಲೀನ, ಬೆಟ್ಟದ ಮೇಲಣ ಕೋಟೆಯೊಡೆಯನ ಕಿರಿಯ ಮಗ. ತಂದೆ ಕಣ್ಮುಚ್ಚಿದಾಗ ಕೋಟೆ ಹಿರಿಯನ ಪಾಲಾಯಿತು, ಒಂದು ಕುದುರೆ ಕಿರಿಯನ ಪಾಲಾಯಿತು. ಆ ಕುದುರೆಯ ಬೆನ್ನ ಮೇಲೆಯೇ ಅವನ ಬಾಳೆಲ್ಲ ಸಾಗಿತು. ಹಿಮದಲ್ಲಿ ಮಲಗಿದ, ಬಿಸಿಲಲ್ಲಿ ಕಾದಿದ. ಗೆದ್ದ, ಸೋತ, ಸೆರೆಯಾದ, ಬಿಡಿಸಿಕೊಂಡ. ಹೀಗೆ ದುಡಿಯುತ್ತ ದುಡಿಯುತ್ತ, ತಲೆ ನರೆಯುವ ಹೊತ್ತಿಗೆ ಅವನದೇ ಆದ ಒಂದು ಗುಡ್ಡ, ಗುಡ್ಡದ ಮೇಲೊಂದು ಸಣ್ಣ ಕೋಟೆ, ಕೋಟೆಯೊಳಗೆ ಜಿನೇವ್ರ ಎಂಬ ತಾಯಿಯಿಲ್ಲದ ಮಗಳು, ಇಷ್ಟು ಸಂಪಾದನೆಯಾಗಿತ್ತು. ಮಗಳಿಗೆ ಪಕ್ಕದ ಕೋಟೆಯ ಮನೆತನದಲ್ಲಿ ಸಂಬಂಧವೂ ಕೂಡಿತ್ತು. ಇನ್ನೊಂದು ಯುದ್ಧ ಮುಗಿಸಿ ಬಂದು ಧಾರೆಯೆರೆಯುವುದೆಂದು ಹೊರಟವನನ್ನು ವಾಲ್ಮೋರದವರು ಸೆರಾನ ಎಂಬ ಊರಿನ ಮೇಲೆ ಕಳುಹಿದರು.

ಸೆರಾನ ಬಂಡೆಯ ಮೇಲಿನ ಊರು. ಓರ್ಸೊ ಅದನ್ನು ಸುತ್ತುಗಟ್ಟಿ ಕುಳಿತ. ಒಳಗೆ ಕಾಳು ತೀರುತ್ತ ಬಂದಿತು. ಆಗ ಸೆರಾನದ ಹಿರಿಯರು ಒಂದು ಬೆಳಗ್ಗೆ ಬಾಗಿಲು ಓರೆ ಮಾಡಿ, ಕತ್ತಿ ಹಿಡಿಯಲಾರದ ಬಾಯಿಗಳನ್ನೆಲ್ಲ ಹೊರಗೆ ತಳ್ಳಿ ಮತ್ತೆ ಅಗುಳಿ ಜಡಿದರಂತೆ. ಮುದುಕರು, ಬಾಣಂತಿಯರು, ಕುಂಟರು, ಕುರುಡರು, ಕೂಸುಗಳು. ಇಂತಹವರನ್ನು ದಾಟಗೊಡಬಾರದು, ಮರಳಿ ಗೋಡೆಯ ಬುಡಕ್ಕೇ ಅಟ್ಟಬೇಕು, ಅವರ ಗೋಳು ಕೇಳಲಾರದೆ ಒಳಗಿನವರು ಬಾಗಿಲು ತೆರೆಯಬೇಕು ಎಂಬುದು ಆ ನಾಡಿನ ಯುದ್ಧದ ಕಟ್ಟಳೆ. ಕಟ್ಟಳೆ ಕ್ರೂರವೆಂದು ಎಲ್ಲರೂ ಬಲ್ಲರು, ಮೀರಿದವರು ಮಾತ್ರ ಇರಲಿಲ್ಲ. ಓರ್ಸೊ ಮೀರಿದ. ಪಾಳೆಯದ ನಡುವೆ ದಾರಿ ಬಿಡಿಸಿ, ರೊಟ್ಟಿ ಹಂಚಿಸಿ, ಅವರನ್ನು ಹೋಗಗೊಟ್ಟ. ಬಾಯಿಗಳು ಕಡಿಮೆಯಾದವು, ಸೆರಾನದ ಕಾಳು ಹಿಮ ಬೀಳುವವರೆಗೂ ಸಾಕಾಯಿತು, ಮಾತು ಕಟ್ಟಿದ್ದ ಹಬ್ಬವೂ ಕಳೆಯಿತು. ಊರು ಬೀಳಲಿಲ್ಲ, ಓರ್ಸೊ ಡೇರೆ ಕಿತ್ತ.

ವಾಲ್ಮೋರದ ಸಭೆ ಬೆಂಕಿಯಾಯಿತು. ಕರಡಿ ಸೆರಾನದ ಚಿನ್ನ ತಿಂದಿದೆ, ಇಲ್ಲವಾದರೆ ಹೀಗೇಕೆ ಮಾಡೀತು ಎಂದರು. ಹಿಡಿದು ತೂಗುಹಾಕೋಣವೆಂದರೆ ಅವನು ತನ್ನ ಗುಡ್ಡದ ಮೇಲೆ ಕ್ಷೇಮವಾಗಿದ್ದಾನೆ. ಅಂಥವರಿಗೆಂದೇ ಆ ನಾಡಿನವರು ಇನ್ನೊಂದು ಶಿಕ್ಷೆ ಮಾಡಿದ್ದರು. ಆಳು ಸಿಕ್ಕದಿದ್ದರೆ ಆಳಿನ ಚಿತ್ರಕ್ಕೆ ಶಿಕ್ಷೆ! ಊರಬಾಗಿಲಿನ ಗೋಡೆಯ ಮೇಲೆ, ಹಾದುಹೋಗುವವರೆಲ್ಲರ ಕಣ್ಣಿಗೆ ಬೀಳುವಂತೆ, ದ್ರೋಹಿಯು ಒಂಟಿ ಕಾಲಿಗೆ ಹಗ್ಗ ಬಿಗಿಸಿಕೊಂಡು ತಲೆಕೆಳಗಾಗಿ ಜೋತಾಡುವಂತೆ ಬರೆಯಿಸುವರು. ಹಬ್ಬದ ದಿನ ಕೆಳಗೆ ಹೆಸರು ಕೆತ್ತಿಸುವರು. ಸಂತೆಗೆ ಬಂದವರು ಉಗಿಯುವರು, ಕತ್ತೆ ಹೊಡೆಯುವವರು ಕೆಸರೆಸೆಯುವರು. ಬರೆಯಿಸಿದ ಸಭೆಯೇ ಅಳಿಸಬೇಕಲ್ಲದೆ ಬೇರೆಯವರು ಮುಟ್ಟಿದರೆ ಕೈ ಹೋಗುತ್ತದೆ. ಮೈಮೇಲೆ ಗಾಯ ತಾಳುವ ದಂಡನಾಯಕರೂ ಈ ಚಿತ್ರಕ್ಕೆ ಬೆಚ್ಚುತ್ತಿದ್ದರಂತೆ.

ಓರ್ಸೊನನ್ನೂ ಹಾಗೆಯೇ ಬರೆಯಿಸುವರೆಂಬ ಸುದ್ದಿ ಗುಡ್ಡವೇರಿತು. ಅದರ ಬೆನ್ನಿಗೇ ಬೀಗರ ಕಡೆಯವನೊಬ್ಬ ಬಂದು, ತಲೆ ತಗ್ಗಿಸಿಕೊಂಡು ನುಡಿದ.

"ಒಡೆಯರು ಕೋಪಿಸಬಾರದು. ವಾಲ್ಮೋರದ ಗೋಡೆಯ ಮೇಲೆ ನಿಮ್ಮ ಹೆಸರು ಬಿದ್ದರೆ ಈ ಮದುವೆ ಆಗದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಗೋಡೆಯಿಂದ ಇಳಿದು ಬಂದರೆ ಬಾಗಿಲು ತೆರೆದೇ ಇದೆ ಎಂದೂ ಹೇಳಿದ್ದಾರೆ."

"ನಾನು ಇಲ್ಲೇ ನಿಂತಿದ್ದೇನಲ್ಲಯ್ಯ, ಗೋಡೆಯಿಂದ ಇಳಿಯುವುದು ಹೇಗೆ?" ಎಂದ ಓರ್ಸೊ.

"ಅದನ್ನು ಹೇಳಿ ಕಳಿಸಲಿಲ್ಲ, ಒಡೆಯಾ."

ಜಿನೇವ್ರ ಅಳಲಿಲ್ಲ. "ಅಪ್ಪಾ, ಆ ಜನರನ್ನು ದಾಟಗೊಟ್ಟದ್ದಕ್ಕೆ ನನ್ನ ಮದುವೆ ಹೋಗುವುದಾದರೆ ಹೋಗಲಿ," ಎಂದಳು. ಎಂದವಳು ಒಳಗೆ ಹೋಗಿ, ನೇಯ್ಗೆಯ ಮಗ್ಗದ ಮುಂದೆ ಕುಳಿತು, ಬೆಳಗಿನಿಂದ ಬೈಗಿನವರೆಗೆ ಒಂದೆಳೆಯನ್ನೂ ನೇಯಲಿಲ್ಲ. ಅತ್ತಿದ್ದರೆ ಓರ್ಸೊ ತಾಳಿಕೊಳ್ಳುತ್ತಿದ್ದ. ಆ ನಿಂತ ಮಗ್ಗವನ್ನು ತಾಳಲಾರದೆ ಹೋದ.

ಅವನಿಗೆ ದುಃಖದೊಂದಿಗೆ ಒಂದು ಕುತೂಹಲವೂ ಹುಟ್ಟಿತಂತೆ. ತಲೆಕೆಳಗಾದ ನಾನು ಹೇಗೆ ಕಾಣುತ್ತೇನೆ? ನೋಡದಿದ್ದರೆ ಅದನ್ನು ಅಳಿಸುವ ಉಪಾಯವಾದರೂ ಹೊಳೆಯುವುದು ಹೇಗೆ? ಎದೆಯವರೆಗೆ ಇಳಿದಿದ್ದ ಗಡ್ಡವನ್ನು ಬೋಳಿಸಿ, ಯಾತ್ರಿಕನ ಕಂದು ನಿಲುವಂಗಿ ತೊಟ್ಟು, ಕೋಲು ಹಿಡಿದು, ಸಿಕ್ಕಿಬಿದ್ದರೆ ನಿಜವಾಗಿಯೇ ತೂಗುಬೀಳುವೆನೆಂದು ಬಲ್ಲವನಾಗಿಯೂ, ವಾಲ್ಮೋರದ ದಾರಿ ಹಿಡಿದ.

ಊರಬಾಗಿಲಿಗೆ ಬಂದು ನೋಡುತ್ತಾನೆ, ಅಟ್ಟಣೆ ಕಟ್ಟಿದೆ. ಗೋಡೆಯ ಮೇಲೆ ಕಾಲಿದೆ, ಕಾಲಿಗೆ ಹಗ್ಗವಿದೆ, ಕೆಂಪು ಅಂಗಿ ತೊಟ್ಟ ಮೈಯಿದೆ. ಕುತ್ತಿಗೆಯ ಕೆಳಗೆ ಬರೀ ಸುಣ್ಣ. ಮುಖವೇ ಇಲ್ಲ! ಅಟ್ಟಣೆಯ ಮೇಲೆ ಒಬ್ಬ ಮುದಿ ಚಿತ್ರಕಾರ ಕಾಲು ಇಳಿಬಿಟ್ಟು ಕುಳಿತು ಈರುಳ್ಳಿ ಕಚ್ಚುತ್ತಿದ್ದಾನೆ. ಅವನ ಹೆಸರು ಲಾಪೊ.

"ಯಾರದಜ್ಜ ಈ ಚಿತ್ರ?" ಎಂದು ಕೇಳಿದ ಓರ್ಸೊ.

"ಒಂದು ಕರಡಿಯದು."

"ಕರಡಿಗೆ ಮೋರೆಯಿಲ್ಲವೇ?"

"ಅದೇ ನನ್ನ ಕರ್ಮ ನೋಡಪ್ಪ," ಎಂದು ಲಾಪೊ ಈರುಳ್ಳಿ ಕೆಳಗಿಟ್ಟ. "ಅವನನ್ನು ಹತ್ತಿರದಿಂದ ಕಂಡವರು ಈ ಊರಲ್ಲಿ ಬಿಂದೊ ಯಜಮಾನರೊಬ್ಬರೇ. ಸಭೆಯ ಮುಖ್ಯಸ್ಥರು, ಪಾಳೆಯಕ್ಕೆ ಹೋಗಿ ಬಂದವರು. ಮುಖ ಹೇಗಿತ್ತು ಯಜಮಾನರೇ ಎಂದು ಕೇಳಿದೆ. ಗಡ್ಡವಿತ್ತು ಎಂದರು. ಗಡ್ಡದೊಳಗೆ ಏನಿತ್ತು ಎಂದೆ. ದ್ರೋಹವಿತ್ತು ಎಂದರು. ದ್ರೋಹಕ್ಕೆ ಯಾವ ಬಣ್ಣ ಅರೆಯಲಿ, ನೀನೇ ಹೇಳು! ಹಬ್ಬ ಹತ್ತಿರ ಬಂತು." ಹೀಗೆನ್ನುತ್ತ ಕಣ್ಣು ಕಿರಿದು ಮಾಡಿ ಯಾತ್ರಿಕನನ್ನು ಮೇಲಿಂದ ಕೆಳಕ್ಕೆ ನೋಡಿದ. "ತಿರುಗು. ಬೆಳಕಿನ ಕಡೆಗೆ. ಅಬ್ಬಾ, ಹಣೆಯ ಮೇಲೆ ಕತ್ತಿಯ ಗೀರು, ಮುರಿದು ಕೂಡಿದ ಮೂಗು! ತಪ್ಪು ತಿಳಿಯಬೇಡ ಮಾರಾಯ, ಪುಣ್ಯಕ್ಷೇತ್ರಕ್ಕೆ ಹೊರಟವನೇ ಇರಬಹುದು ನೀನು, ಆದರೆ ಮುಖ ಮಾತ್ರ ಶುದ್ಧ ಕಳ್ಳನದು. ಸ್ವಲ್ಪ ಹೊತ್ತು ಕೂತುಕೊಡು. ಹುರುಳಿ ಸಾರು, ರೊಟ್ಟಿ, ಮಲಗಲು ಹುಲ್ಲು, ಎಲ್ಲ ನನ್ನದು."

ಕೂತರೆ ತನ್ನ ನಿಜವಾದ ಮುಖವೇ ಗೋಡೆಯೇರುತ್ತದೆ. ಒಲ್ಲೆನೆಂದರೆ, ಸಾರು ರೊಟ್ಟಿ ಒಲ್ಲದ ಯಾತ್ರಿಕ ಎಲ್ಲಿಯವನಪ್ಪಾ ಎಂದು ಕಾವಲಿನವರು ಕೇಳುತ್ತಾರೆ. ಓರ್ಸೊ ಎರಡನ್ನೂ ತೂಗಿ ನೋಡಿದ. ತೂಗುತ್ತಿರುವಾಗಲೇ ಹೊಟ್ಟೆಯೊಳಗಿನಿಂದ ಒಂದು ನಗೆ ಬಂದಿತು. ತನ್ನ ನೇಣಿನ ಚಿತ್ರಕ್ಕೆ ತಾನೇ ಕೂತವನು ಲೋಕದಲ್ಲಿ ಇನ್ನೊಬ್ಬನಿರಲಾರ!

"ಸಾರಿಗೆ ಬೆಳ್ಳುಳ್ಳಿ ಹಾಕುತ್ತೀಯೋ ಅಜ್ಜ?" ಎಂದು ಕೇಳಿ ಕೂತುಬಿಟ್ಟ.

ಲಾಪೊ ಕೆಲಸ ಮಾಡುವ ಬಗೆ ಹೀಗಿತ್ತು. ತಲೆಕೆಳಗಾದ ಚಿತ್ರವನ್ನು ತಲೆಕೆಳಗಾಗಿಯೇ ಬರೆಯುವುದು ಕಷ್ಟ. ಆದುದರಿಂದ ಎದುರಿನವನನ್ನು ನೆಟ್ಟಗೆ ಕೂರಿಸಿ, ಕಾಗದದ ಮೇಲೆ ನೆಟ್ಟಗೇ ಬರೆಯುವನು. ಆಮೇಲೆ ಗೆರೆಗುಂಟ ಸೂಜಿಯಿಂದ ತೂತು ಚುಚ್ಚಿ, ಕಾಗದವನ್ನು ಬುಡಮೇಲು ಮಾಡಿ ಹಸಿಗಾರೆಯ ಮೇಲೆ ಹಿಡಿದು, ನಮ್ಮ ಹೆಣ್ಣುಮಕ್ಕಳು ರಂಗೋಲಿಯ ಅಚ್ಚಿನ ಮೇಲೆ ಪುಡಿ ಎಳೆಯುವಂತೆ, ಇದ್ದಿಲ ಪುಡಿಯ ಗಂಟಿನಿಂದ ತಟ್ಟುವನು. ಗೋಡೆಯ ಮೇಲೆ ಚುಕ್ಕಿ ಮೂಡಿದಲ್ಲಿ ಬಣ್ಣ ತುಂಬುವನು. ಜೋತುಬಿದ್ದವನ ಕೂದಲು ನೆಲದತ್ತ ಇಳಿಯಬೇಕು, ಕೆನ್ನೆ ಉಬ್ಬಬೇಕು, ಕಣ್ಣು ಹೊರಬರಬೇಕು. ಇವನ್ನೆಲ್ಲ ತಪ್ಪದೆ ಕಾಗದದ ಮೇಲೆಯೇ ತಿದ್ದಿಕೊಳ್ಳುವನು. ಇಂತಹ ಎಷ್ಟೋ ದ್ರೋಹಿಗಳನ್ನು ತೂಗುಹಾಕಿದ ಕೈ ಅದು.

"ನೀನು ದೇಶ ತಿರುಗಿದವನು," ಎಂದ ಲಾಪೊ, ಇದ್ದಿಲು ಕಡ್ಡಿ ಆಡಿಸುತ್ತ. "ಆ ಕರಡಿಯನ್ನು ಎಲ್ಲಾದರೂ ಕಂಡಿದ್ದೆಯಾ?"

"ಕಂಡಿದ್ದೇನೆ. ಸೆರಾನದ ಪಾಳೆಯದಲ್ಲಿ."

"ಹೌದೇನೋ! ಚಿನ್ನ ಇಸಕೊಳ್ಳುವಾಗ ಅವನ ಕಣ್ಣು ಎತ್ತ ನೋಡುತ್ತಿತ್ತು ಹೇಳು. ಅದೊಂದು ಸಿಕ್ಕರೆ ಮುಖ ಸಿಕ್ಕಂತೆ."

ಓರ್ಸೊ ಮೆಲ್ಲನೆ ಹೇಳಿದ. "ಚಿನ್ನವನ್ನು ನಾನು ಕಾಣಲಿಲ್ಲ ಅಜ್ಜ. ಕಂದಕದ ದಂಡೆಯಲ್ಲಿ ಒಬ್ಬಳು ಹೆಂಗಸು ಕುಳಿತಿದ್ದಳು. ಹುಲ್ಲು ಕಿತ್ತು ಬಾಯಲ್ಲಿ ಅಗಿದು, ಮೆತ್ತಗಾದದ್ದನ್ನು ತೆಗೆದು ಕೂಸಿನ ಬಾಯಿಗಿಡುತ್ತಿದ್ದಳು. ಕೂಸು ಉಗುಳುತ್ತಿತ್ತು, ಅವಳು ಮತ್ತೆ ಅಗಿಯುತ್ತಿದ್ದಳು. ಅವಳನ್ನು ಗೋಡೆಯ ಬುಡಕ್ಕೆ ಅಟ್ಟಬೇಕೆಂದು ಕಟ್ಟಳೆ. ಈಟಿ ಹಿಡಿದ ಆಳುಗಳು ಅವಳನ್ನು ನೋಡುವರು, ಕರಡಿಯನ್ನು ನೋಡುವರು. ಕರಡಿ ಶಿರಸ್ತ್ರಾಣ ತೆಗೆದ. ಬೆವರು ಒರೆಸಿಕೊಳ್ಳುವವನಂತೆ ತೆಗೆದ, ಒರೆಸಿಕೊಂಡದ್ದು ಬೆವರಲ್ಲ."

ಲಾಪೊನ ಕಡ್ಡಿ ನಿಂತಿತು. "ಅಷ್ಟು ಹತ್ತಿರದಿಂದ ಕಂಡೆಯಾ?"

"ಅಷ್ಟೇ ಹತ್ತಿರದಿಂದ."

ಮುದುಕ ಬೇರೇನೂ ಕೇಳಲಿಲ್ಲ. "ಹಾಗೇ ಇರು. ಅಲುಗಾಡಬೇಡ," ಎಂದ. ಆಮೇಲೆ ಅವನು ಬರೆದ ವೇಗ ನೋಡಬೇಕಿತ್ತಂತೆ! ಎದುರಿಗಿದ್ದ ಬೋಳು ಮುಖಕ್ಕೆ ಎದೆಯವರೆಗೆ ಗಡ್ಡ ಇಳಿಸಿದ. ಕಣ್ಣಿಗೆ ಕಂಡದ್ದನ್ನು ಚಿತ್ರದ ಕಣ್ಣಲ್ಲಿಟ್ಟ. ಬರೆಯುವ ಭರದಲ್ಲಿ, ಒಂದು ಬಾರಿಯೂ ತಪ್ಪದ ಆ ಕೈ ತಪ್ಪಿತು. ಕೂದಲನ್ನು ಜೋಲಿಸುವುದನ್ನು, ಕೆನ್ನೆಯನ್ನು ಉಬ್ಬಿಸುವುದನ್ನು ಮರೆತು, ನೆಟ್ಟಗಿದ್ದ ಮುಖವನ್ನು ನೆಟ್ಟಗಿದ್ದಂತೆಯೇ ಚುಚ್ಚಿ, ಹಾಗೆಯೇ ಬುಡಮೇಲು ಮಾಡಿ ಗೋಡೆಗೆ ತಟ್ಟಿದ. ಗಾರೆ ಒಣಗುವುದರೊಳಗೆ ಬಣ್ಣವೂ ತುಂಬಿತು. ಹಸಿಗಾರೆ ಕುಡಿದ ಬಣ್ಣವನ್ನು ಮತ್ತೆ ತಿದ್ದಲಾಗದು.

ಸಂಜೆ ಬಿಂದೊ ಯಜಮಾನರು ಬಂದರು. ರೇಷ್ಮೆಯ ಟೊಪ್ಪಿಗೆ, ಬೆರಳ ತುಂಬ ಉಂಗುರ. ಕತ್ತನ್ನು ಆ ಕಡೆ ಈ ಕಡೆ ವಾಲಿಸಿ ನೋಡಿ ತೊಡೆ ತಟ್ಟಿದರು.

"ಇವನೇ! ಇವನೇ ಆ ಕರಡಿ! ಇದೇ ಗಡ್ಡ! ಸಾವಿರ ಜನರ ನಡುವೆ ನಿಲ್ಲಿಸಿದರೂ ಈ ಮೋರೆಯನ್ನು ನಾನು ಗುರುತಿಸುತ್ತೇನೆ." ಎನ್ನುತ್ತ, ಪಕ್ಕದಲ್ಲಿ ಬಣ್ಣದ ಕುಡಿಕೆ ಹಿಡಿದು ನಿಂತಿದ್ದ ಓರ್ಸೊನ ಕಡೆ ತಿರುಗಿ, "ಏ ಭಿಕಾರಿ, ದೂರ ನಿಲ್ಲೋ, ಅಂಗಿಗೆ ಬಣ್ಣ ಸಿಡಿದೀತು," ಎಂದು ಗದರಿದರು.

"ಆಗಲಿ ಯಜಮಾನರೇ," ಎಂದು ಓರ್ಸೊ ದೂರ ನಿಂತ.

ಬಿಂದೊ ಹೋದ ಮೇಲೆ ಓರ್ಸೊ ತಾನೂ ಕತ್ತು ವಾಲಿಸಿ ನೋಡಿದ. ಗೋಡೆಯ ಮೇಲಿನವನು ಅವನನ್ನೇ ನೋಡುತ್ತಿದ್ದ. ಉಪಾಯವೊಂದೂ ಹೊಳೆಯಲಿಲ್ಲ. ನಾಳೆ ಬೆಳಗ್ಗೆ ಹೆಸರು ಕೆತ್ತುವವನು ಉಳಿ ಹಿಡಿದು ಬರುತ್ತಾನೆ. ಕಲ್ಲಿನಲ್ಲಿ ಹೆಸರು ಮೂಡಿದರೆ ತನ್ನ ಮನೆತನಕ್ಕೆ ಈ ಕಳಂಕ ಶಾಶ್ವತ. ಮಗಳ ಮಗ್ಗ ನಿಂತದ್ದು ನಿಂತೇ ಹೋದೀತು. ಆದರೂ ಊರು ತನ್ನನ್ನು ನೋಡಿ ಏನೆಂದೀತೆಂಬ ಕುತೂಹಲ ಅವನನ್ನು ಹಿಡಿದು ನಿಲ್ಲಿಸಿತು.

ಹಬ್ಬದ ಬೆಳಗಾಯಿತು. ಸುತ್ತಲ ಗುಡ್ಡಗಳಿಂದ ಕುರಿ ಹೊಡೆದುಕೊಂಡು, ಬೆಣ್ಣೆ ಹೊತ್ತುಕೊಂಡು ಜನ ಇಳಿದರು. ಉಗಿಯಬೇಕೆಂದು ಬಾಯಲ್ಲಿ ಎಂಜಲು ಕೂಡಿಸಿಕೊಂಡೇ ಬಂದವರಿದ್ದರು. ಬಂದವರು ಕತ್ತೆತ್ತಿ ನೋಡಿದರು, ಎಂಜಲು ನುಂಗಿದರು. ಜೋತವನ ಮುಖ ಹಾಗಿರಬಾರದಷ್ಟೆ! ತಲೆ ಕೆಳಗಿದೆ, ಗಡ್ಡ ಮಾತ್ರ ಕೆಳಕ್ಕೆ ಇಳಿಯದೆ ಎದೆಗೇ ಅಂಟಿಕೊಂಡಿದೆ. ಕೆನ್ನೆಗೆ ರಕ್ತ ನುಗ್ಗಿಲ್ಲ. ಕಣ್ಣಲ್ಲಿ ಅಂಜಿಕೆಯಿಲ್ಲ, ಯಾರಿಗೋ ಮರುಗುವ ನೋಟವಿದೆ.

ಆ ಗುಂಪಿನಲ್ಲಿ ತೆಸ್ಸ ಎಂಬ ಅಗಸಗಿತ್ತಿ, ಸೊಂಟದ ಮೇಲೆ ಕೂಸು, ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಬಂದವಳು, ನೋಡಿ ಗಂಟು ಕೆಳಗೆ ಹಾಕಿ ಮಂಡಿಯೂರಿಬಿಟ್ಟಳು.

"ಯಾರಕ್ಕಾ ಇವರು?" ಎಂದು ಬೆಣ್ಣೆಯ ಮುದುಕಿಯೊಬ್ಬಳು ಕೇಳಿದಳು.

"ನಾನು ಸಾಯುತ್ತಿದ್ದಾಗ ರೊಟ್ಟಿ ಕೊಟ್ಟವರು. ಈ ಕೂಸು ಬದುಕಿದ್ದು ಇವರಿಂದ."

"ಹಾಗಾದರೆ ಸಂತರೇ ಸರಿ!"

"ಅಲ್ಲಮ್ಮ, ದಂಡಿನವರು."

"ದಂಡಿನವರು ಸಂತರಾಗಬಾರದೇನೇ? ತಲೆಕೆಳಗು ಮಾಡಿ ಶಿಲುಬೆಗೆ ಬಡಿದ ಮಹಾಸಂತರು ನಮ್ಮ ಇಗರ್ಜಿಯಲ್ಲಿಲ್ಲವೇ? ಆ ಗಡ್ಡ ನೋಡು! ಭೂಮಿಯೇ ಎಳೆದರೂ ಬರಲಿಲ್ಲ. ಪವಾಡವಲ್ಲದೆ ಇನ್ನೇನೇ!"

ಮುದುಕಿ ಮೇಣದ ಬತ್ತಿ ಹಚ್ಚಿದಳು. ಒಂದು ಬತ್ತಿ ಹತ್ತಾಯಿತು, ಹತ್ತು ನೂರಾಯಿತು. ಉಳಿ ಸುತ್ತಿಗೆ ಹಿಡಿದು ಬಂದ ಹೆಸರು ಕೆತ್ತುವವನನ್ನು ಹೆಂಗಸರು ಏಣಿಗೆ ಕಾಲಿಡಗೊಡಲಿಲ್ಲ. "ಸಂತರ ತಲೆಯ ಕೆಳಗೆ ಕುಟ್ಟುತ್ತೀಯೇನೋ, ನಿನ್ನ ಕೈ ಸೇದಿಹೋಗ!" ಎಂದು ಬೆಣ್ಣೆಯ ಮುದ್ದೆಯನ್ನೇ ಎಸೆದರಂತೆ.

ಗದ್ದಲ ಕೇಳಿ ಬಿಂದೊ ಯಜಮಾನರು ಸಭೆಯವರೊಡನೆ ಓಡಿಬಂದರು. ತೆಸ್ಸಳನ್ನು ಮುಂದೆ ನಿಲ್ಲಿಸಿದರು. ಓರ್ಸೊ ಗುಂಪಿನೊಳಗೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತಿದ್ದ.

"ನೀನೇನೇ ಇದನ್ನು ಹಬ್ಬಿಸಿದವಳು? ಇವನು ಸೆರಾನದ ಚಿನ್ನ ತಿಂದ ದ್ರೋಹಿ!"

"ನಾನು ಸೆರಾನದವಳೇ, ಯಜಮಾನರೇ," ಎಂದಳು ತೆಸ್ಸ. "ಕಾಳಿಲ್ಲವೆಂದು ನಮ್ಮವರೇ ನಮ್ಮನ್ನು ಹೊರಗೆ ತಳ್ಳಿದರು. ತಳ್ಳಿದ ಊರಿಗೆ ಮರಳಲಾರದೆ ನಿಮ್ಮೂರ ಬಟ್ಟೆ ಒಗೆದುಕೊಂಡಿದ್ದೇನೆ. ಕೊಡಲು ಚಿನ್ನವಿದ್ದಿದ್ದರೆ ಮೊದಲೇ ಕೊಟ್ಟು ದಂಡನ್ನು ಕಳಿಸುತ್ತಿರಲಿಲ್ಲವೇ? ಹೆತ್ತವರನ್ನು, ಹಡೆದವರನ್ನು ಹೊರಗೆ ಹಾಕಿ, ಆಮೇಲೆ ಕೊಡುತ್ತಿದ್ದರೇ?"

ಗುಂಪು ಗುಜುಗುಟ್ಟಿತು. ಬಿಂದೊ ಯಜಮಾನರ ಕಿವಿ ಕೆಂಪಾಯಿತು. "ಅವನನ್ನು ಮತ್ತೆ ಕಂಡರೆ ಗುರುತಿಸುತ್ತೀಯಾ?"

"ಕಣ್ಣು ಕಂಡರೆ ಗುರುತಿಸುತ್ತೇನೆ."

ಹೇಳುತ್ತಲೇ ಅವಳ ನೋಟ ಗುಂಪಿನ ಮೇಲೆ ಹರಿದು, ಕಂದು ನಿಲುವಂಗಿಯ ಯಾತ್ರಿಕನ ಮೇಲೆ ನಿಂತಿತು. ನಿಂತದ್ದು ಕದಲಲಿಲ್ಲ. ಓರ್ಸೊನಿಗೆ ತಿಳಿಯಿತು: ಗುರುತು ಹಿಡಿದುಬಿಟ್ಟಳು. ಕಾವಲಿನವರು ಅಲ್ಲೇ ಇದ್ದಾರೆ, ಹಗ್ಗವೂ ಅಟ್ಟಣೆಯ ಮೇಲೆಯೇ ಇದೆ. ಓಡಿದರೆ ಸಿಕ್ಕಿದಂತೆ, ನಿಂತರೂ ಸಿಕ್ಕಿದಂತೆ. ಅವನು ಓಡಲಿಲ್ಲ.

"ಹಾಗಾದರೆ ಅವನು ಈಗ ಎಲ್ಲಿದ್ದಾನೆ? ಹೇಳು!" ಎಂದು ಬಿಂದೊ ಗುಡುಗಿದರು.

ತೆಸ್ಸ ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು. "ಗೋಡೆಯ ಮೇಲೆ, ಯಜಮಾನರೇ. ನೀವೇ ಅಲ್ಲವೇ ಹತ್ತಿಸಿದ್ದು?"

ಜನ ಗೊಳ್ಳೆಂದು ನಕ್ಕಿತು. ನಗೆಯ ಹಿಂದೆಯೇ ಒಂದು ಮೌನ ಬಂದಿತು. ಸಭೆಯವರಿಗೆ ಆ ಮೌನವೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವರು ಬಾಗಿಲ ಮರೆಗೆ ಸರಿದು ಪಿಸುಮಾತಾಡಿದರು. ಅಳಿಸಿದರೆ ಗುಡ್ಡದ ಹೆಂಗಸರು ಊರನ್ನೇ ಅಳಿಸಿಯಾರು. ಬಿಟ್ಟರೆ ದ್ರೋಹಿಯೆನಿಸಿಕೊಂಡವನಿಗೆ ಊರೇ ದೀಪ ಹಚ್ಚಿದಂತಾದೀತು. ನಿರಪರಾಧಿಯನ್ನು ತೂಗುಹಾಕಿದೆವು ಎನ್ನೋಣವೇ? ಅಷ್ಟು ಮಾತ್ರ ಅವರ ಬಾಯಿಂದ ಬರಲೊಲ್ಲದು. ಕಡೆಗೆ ಚರ್ಮದ ವರ್ತಕನೊಬ್ಬ ಮೆಲ್ಲಗೆ, "ಹೆಸರಿನ್ನೂ ಕೆತ್ತಿಲ್ಲವಲ್ಲ," ಎಂದನಂತೆ. ಎಲ್ಲರ ಮುಖವೂ ಅರಳಿತು.

ಕೊಂಬು ಊದಿತು. ಸಾರುವವನು ಸಾರಿದ: "ಕೇಳಿರಿ, ಕೇಳಿರಿ! ಈ ಗೋಡೆಯ ಮೇಲಿರುವುದು ಮಹಾಸಂತರ ಚಿತ್ರ. ಸಭೆಯು ಭಕ್ತಿಯಿಂದ ಬರೆಯಿಸಿದ್ದು. ಓರ್ಸೊ ಎಂಬ ದಂಡನಾಯಕನ ಚಿತ್ರವನ್ನು ವಾಲ್ಮೋರದವರು ಬರೆಯಿಸಿಲ್ಲ, ಬರೆಯಿಸುವುದೂ ಇಲ್ಲ; ಅವನ ಮೇಲೆ ಈ ಊರಿನ ದೂರಿಲ್ಲ!"

ಸಭೆಯ ಪರವಾಗಿ ಬಿಂದೊ ಯಜಮಾನರೇ ಮೊದಲ ಬತ್ತಿ ಹಚ್ಚಬೇಕಾಯಿತು. ಸಾವಿರ ಜನರ ನಡುವೆಯೂ ಗುರುತಿಸುವೆನೆಂದ ಮೋರೆಗೆ ಅವರು ಕೈ ಮುಗಿದರು. ಲಾಪೊ ಅಟ್ಟಣೆ ಬಿಚ್ಚುತ್ತಿದ್ದವನು, ಓರ್ಸೊ ಎತ್ತಿಕೊಟ್ಟ ಬಣ್ಣದ ಕುಡಿಕೆ ತೆಗೆದುಕೊಂಡು, "ನನ್ನ ಜನ್ಮದಲ್ಲಿ ಇಷ್ಟು ಕೆಟ್ಟ ಕೆಲಸ ಮಾಡಿರಲಿಲ್ಲ. ಗಡ್ಡ ಜೋಲಬೇಕಿತ್ತು," ಎಂದು ಗೊಣಗಿದ.

ಊರ ಹೊರಗಿನ ಹೊಳೆಯ ಬಳಿ ತೆಸ್ಸ ಬಟ್ಟೆ ಕುಕ್ಕುತ್ತಿದ್ದಳು. ಓರ್ಸೊ ಅಲ್ಲಿಗೆ ಬಂದು ನಿಂತ.

"ಬೇಗ ಹೋಗಿ ಒಡೆಯಾ," ಎಂದಳು ಅವಳು ತಲೆಯೆತ್ತದೆ. "ಇನ್ನು ಈ ಕಡೆ ಬರಬೇಡಿ. ನೀವು ಬಂದರೆ ನೀವೂ ಹೋಗುತ್ತೀರಿ, ಸಂತರೂ ಹೋಗುತ್ತಾರೆ."

"ನಿನಗೇನು ಬೇಕು ಹೇಳು, ತಾಯಿ."

"ಮುಂದಿನ ಊರಿನವರಿಗೂ ದಾರಿ ಬಿಡಿ, ಅಷ್ಟು ಸಾಕು."

ಸಾರಿದ ಸುದ್ದಿ ಅವನಿಗಿಂತ ಮೊದಲೇ ಗುಡ್ಡ ತಲುಪಿತ್ತು. ಬೀಗರು ಬಂದು ಅಂಗಳದಲ್ಲಿ ಕುಳಿತಿದ್ದರು; ಒಳಗೆ ಮಗ್ಗ ಲಟಕ್ ಲಟಕ್ ಎನ್ನುತ್ತಿತ್ತು. ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಜಿನೇವ್ರಳ ಮದುವೆಯಾಯಿತು.

ಮತ್ತೊಂದು ವರ್ಷ ವಾಲ್ಮೋರಕ್ಕೂ ಇನ್ನೊಂದು ಊರಿಗೂ ಹಗೆ ಹುಟ್ಟಿತು. ಸಭೆಯ ದೂತರು ನಾಚಿಕೆ ನುಂಗಿಕೊಂಡು ಗುಡ್ಡವೇರಿ, "ನಿಮ್ಮಂಥವರು ಬೇರೆ ಸಿಕ್ಕಲಿಲ್ಲ," ಎಂದರಂತೆ. ಓರ್ಸೊ ನಕ್ಕ.

"ಬರುತ್ತೇನೆ, ನಿಮ್ಮೂರೊಳಗಲ್ಲ, ದಂಡಿಗೆ. ಆದರೆ ನನ್ನದೊಂದು ಮಾತು ಮೊದಲು. ಮುತ್ತಿದ ಊರಿನಿಂದ ಹೊರಗೆ ತಳ್ಳಲ್ಪಟ್ಟವರು ನನ್ನ ಹಗೆಗಳಲ್ಲ. ಅವರಿಗೆ ದಾರಿಯೂ ಬಿಡುತ್ತೇನೆ, ರೊಟ್ಟಿಯೂ ಕೊಡುತ್ತೇನೆ. ಇದನ್ನು ನಿಮ್ಮ ಸಭೆ ಬಾಗಿಲು ತೆರೆದು, ಜನ ಕೇಳುವಂತೆ ಒಪ್ಪಬೇಕು."

ದೂತರು ಒಬ್ಬರ ಮುಖ ಒಬ್ಬರು ನೋಡಿದರು, ಗುಡ್ಡ ಇಳಿದರು, ಮತ್ತೆ ಏರಿದರು. ಸಭೆ ಒಪ್ಪಿತ್ತು. ಅಂದಿನಿಂದ ಅವನನ್ನು ಕರೆದ ಊರೆಲ್ಲ ಆ ಮಾತನ್ನು ಒಪ್ಪಬೇಕಾಯಿತು. ಅವನನ್ನು ನೋಡಿ ಬೇರೆ ದಂಡನಾಯಕರೂ ಕೇಳತೊಡಗಿದರು. ಕೇಳುತ್ತ ಕೇಳುತ್ತ ಹಳೆಯ ಕಟ್ಟಳೆ ಸವೆಯಿತು, ಹೊಸದು ಬೇರೂರಿತು. ಮುತ್ತಿಗೆಯ ಕೋಟೆಯ ಬಾಗಿಲು ಓರೆಯಾದಾಗ ಹೊರಬಂದ ಮುದುಕಿಯರು, ಕೂಸು ಹೊತ್ತವರು, ಈಟಿಗಳ ನಡುವಣ ದಾರಿಯಲ್ಲಿ ತಲೆಯೆತ್ತಿ ನಡೆದುಹೋಗುತ್ತಿದ್ದರಂತೆ.

ಅವರು ನಡೆದ ದಾರಿ ಅವರಿಗಿರಲಿ, ನಾವು ಕುಳಿತ ಚಾವಡಿ ನಮಗಿರಲಿ. ಕಥೆ ಕಡಲಾಚೆಗೆ ಹೋಯಿತು, ನಾವು ಮನೆಗೆ ಹೋಗೋಣ.